ರೆಕಾರ್ಡಿನೊಳಗೆ ಕೆಮ್ಮಿದವರು

ಹುನಗುಂದದ ಕೋರ್ಟಿನಲ್ಲಿ ನಾನು ವಕೀಲಿಕೆ ಶುರು ಮಾಡಿದಾಗ ಜನ ಚೀಲದಲ್ಲಿ ಕಾಗದ ತರುತ್ತಿದ್ದರು. ಈಗ ಕಿಸೆಯಲ್ಲಿ ದನಿ ತರುತ್ತಾರೆ. ಬೀಗರು ಬೈದದ್ದು, ಭಾವ ಒಪ್ಪಿಕೊಂಡದ್ದು, ಪಕ್ಕದ ಹೊಲದವರು ಬದು ಒತ್ತಿದ್ದು ಹೌದು ಅಂದದ್ದು, ಎಲ್ಲವೂ ಫೋನಿನೊಳಗೆ. ನನ್ನ ಮೇಜಿನ ಮೇಲೆ ಫೋನು ಇಟ್ಟು, "ಕೇಳ್ರಿ" ಅಂತ ಕೈ ಕಟ್ಟಿ ಕೂರುತ್ತಾರೆ. ಬಾದಾಮಿ ಕಡೆಯ ಹಿರಿಯರೊಬ್ಬರು ಬೀಗರ ಮಾತು ಹಿಡಿದು ತಂದಿದ್ದರು. ಹಚ್ಚಿ ಕೇಳಿದರೆ ಅರ್ಧ ತಾಸು ಬರೀ ಗೊರಕೆ. ಬೀಗರು ಫೋನು ಕಿವಿಗಿಟ್ಟುಕೊಂಡೇ ನಿದ್ದೆ ಹೋಗಿದ್ದರಂತೆ. "ಇದರಾಗ ಅವರದ ತಪ್ಪ ಎದ್ದ ಕಾಣ್ತೈತಿ" ಅಂದರು ಹಿರಿಯರು.

ಇಂಥವು ನನಗೆ ವಾರಕ್ಕೊಂದು. ನಗುತ್ತೇನೆ, ಮರೆಯುತ್ತೇನೆ. ಆದರೆ ಒಂದು ಪ್ರಕರಣದಲ್ಲಿ ನಗುತ್ತಿರುವಾಗಲೇ ನನ್ನ ಕತ್ತಿನ ಹಿಂದಿನ ಕೂದಲು ನೆಟ್ಟಗೆ ನಿಂತಿದ್ದವು. ನನಗೆ ದೆವ್ವಗಳ ಮೇಲೆ ನಂಬಿಕೆ ಇಲ್ಲ, ಕಕ್ಷಿದಾರರ ಮೇಲೂ ಅಷ್ಟಕ್ಕಷ್ಟೇ. ಆದರೂ ಆ ಎರಡು ತಿಂಗಳು ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಹೋಗಿ ಯಾರು ಅಂತ ನೋಡಿ ಬರುತ್ತಿದ್ದೆ.

೧. ನಮ್ಮ ಸಾಕ್ಷಿಯ ಮೊದಲ ಮಾತು

ಗುಡೂರಿನಿಂದ ಕಂಬಳಿ ನೇಯುವ ಹೆಣ್ಣುಮಗಳೊಬ್ಬಳು ಬಂದಳು. ನಲವತ್ತರ ಆಚೀಚೆ. ಗಂಡ ತೀರಿದ ಮೇಲೆ ತವರಿಗೆ ಬಂದು, ಅಪ್ಪನ ಹತ್ತಿರ ನೇಯ್ಗೆ ಕಲಿತು, ಅಪ್ಪ ಸತ್ತ ಮೇಲೂ ಅದೇ ಮಗ್ಗದಲ್ಲಿ ಕೂತು ಬದುಕುತ್ತಿದ್ದವಳು. ಕೈಗೆ ಉಣ್ಣೆ ಮತ್ತು ಹುಣಸೆಬೀಜದ ಗಂಜಿಯ ವಾಸನೆ. ಅದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಂಚ ಎತ್ತಿದ ಹಾಗೆ ಅದನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ. ಕೋಣೆ ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಇವಳ ಊಟ ಹೋಯಿತು.

ಅಣ್ಣ ಬಾಗಲಕೋಟೆಯ ನವನಗರದಲ್ಲಿ ಸರಕಾರಿ ಗುಮಾಸ್ತ. ಹಳೆ ಮನೆ ಕೆಡವಿ ಹೊಸದು ಕಟ್ಟುತ್ತೇನೆ, ಹಕ್ಕು ಬಿಟ್ಟುಕೊಟ್ಟೆ ಅಂತ ಸಹಿ ಮಾಡು ಅನ್ನುತ್ತಿದ್ದಾನೆ. ಫೋನಿನಲ್ಲಿ ಮಾತ್ರ "ಮಗ್ಗದ ಕೋಣಿ ನಿಂದ" ಅನ್ನುತ್ತಾನೆ. ಊರ ಹಿರಿಯರ ಮುಂದೆ ಕೂರಿಸಿದರೆ "ನಾ ಹಂಗ ಅಂದಿಲ್ಲ" ಅನ್ನುತ್ತಾನೆ.

"ಸಹಿ ಮಾಡಬೇಡ. ಮನೆಯಲ್ಲಿ ನಿನಗೂ ಸಮ ಪಾಲಿದೆ, ದಾವೆ ಹಾಕೋಣ" ಅಂದೆ.

"ದಾವೆ ಹಾಕಿದ್ರ ಕೋಣಿ ಸಿಗತೈತ್ರಿ ಅಕ್ಕಾರ, ಅಣ್ಣ ಸಿಗೂದಿಲ್ಲ. ನನಗ ಎರಡೂ ಬೇಕ್ರಿ."

ಇಂಥ ಕಕ್ಷಿದಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಅವರನ್ನು ಬಿಡಲೂ ಆಗುವುದಿಲ್ಲ. ಅವಳು ಫೋನು ತೆಗೆದು ಮೇಜಿನ ಮೇಲಿಟ್ಟಳು. "ಅಂವಾ ಅಂದದ್ದೆಲ್ಲಾ ಇದರಾಗ ಐತ್ರಿ."

ಹಚ್ಚಿದೆ. ಮೊದಲು ಅಣ್ಣನ ದನಿ. "ತಂಗೀ, ನೀ ರೆಕಾರ್ಡ ಮಾಡಾಕತ್ತೀ ಏನ? ನನಗ ಒಪ್ಪಿಗಿ ಇಲ್ಲ ನೋಡ. ಒಪ್ಪಿಗಿ ಇಲ್ಲದ ಮಾಡಿದ್ರ ಕಾನೂನ ಬಿಡೂದಿಲ್ಲ."

ಆಮೇಲೆ ಇವಳ ದನಿ, ಸ್ಪಷ್ಟವಾಗಿ: "ಇಲ್ಲಣ್ಣಾ. ದೇವರಾಣಿ ಮಾಡಾಕತ್ತಿಲ್ಲ."

ನಾನು ಫೋನು ನಿಲ್ಲಿಸಿದೆ. ಅವಳಿಗೆ ಕಾನೂನು ಹೇಳಿದೆ. ತಾನೇ ಮಾತಾಡುತ್ತಿರುವ ಕರೆಯನ್ನು ತಾನೇ ಹಿಡಿದಿಟ್ಟುಕೊಂಡರೆ ಅದೇ ಒಂದು ಅಪರಾಧ ಅಂತ ನೇರವಾಗಿ ಹೇಳುವ ಕಲಮು ನಮ್ಮಲ್ಲಿಲ್ಲ. ಬೇರೆ ಇಬ್ಬರ ಮಾತನ್ನು ನಡುವೆ ಕದ್ದು ಹಿಡಿದರೆ ಅದು ತಪ್ಪು. ಆಚೆಯವರು ಬೇಡ ಅಂದ ಮೇಲೂ ಹಿಡಿದರೆ, ಇದು ನನ್ನ ಖಾಸಗಿ ಮಾತು ಅಂತ ಅವರು ತಕರಾರು ಎತ್ತಬಹುದು, ನ್ಯಾಯಾಧೀಶರು ಎರಡನ್ನೂ ತೂಗಿ ನೋಡುತ್ತಾರೆ. ಇಷ್ಟು ಹೇಳಿ, "ಆದರೆ ತಾಯಿ, ನಮ್ಮ ಸಾಕ್ಷಿ ಬಾಯಿ ತೆರೆದು ಆಡಿದ ಮೊದಲ ಮಾತೇ ಸುಳ್ಳು, ಅದೂ ದೇವರ ಮೇಲೆ ಆಣೆ ಇಟ್ಟು" ಅಂದೆ.

"ಮುಂದ ಕೇಳ್ರಿ" ಅಂದಳು.

ಮುಂದೆ ಅಣ್ಣ "ಮಗ್ಗದ ಕೋಣಿ..." ಅಂತ ಶುರು ಮಾಡಿದ. ಅವನ ಮಾತಿನ ಹಿಂದೆ ಯಾರೋ ಕೆಮ್ಮಿದರು. ಮುದುಕರ ಕೆಮ್ಮು, ಆಳದಿಂದ ಎದ್ದದ್ದು. ಅಣ್ಣ ಒಂದು ಗಳಿಗೆ ತಡೆದ. ಮತ್ತೆ ಕೆಮ್ಮು. ಆಮೇಲೆ ಅವನು ಅವಸರದಲ್ಲಿ "ನಿಂದ ತಗೋ" ಅಂದು ಇಟ್ಟುಬಿಟ್ಟ.

"ಹಿಂದೆ ಯಾರೋ ಹಿರಿಯರು ಇದ್ದಾರಲ್ಲ, ಅವರನ್ನು ಸಾಕ್ಷಿಗೆ ಕರೆಯಬಹುದು. ಯಾರದು?" ಅಂತ ಪೆನ್ನು ತೆಗೆದೆ.

"ನಮ್ಮಪ್ಪಂದ್ರಿ" ಅಂದಳು. ಅಪ್ಪ ಸತ್ತು ಮೂರು ವರ್ಷ ಆಗಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ, ಹೊರಗೆ ಬಸ್ ಸ್ಟ್ಯಾಂಡಿನ ಗದ್ದಲ, ಮೇಲೆ ಫ್ಯಾನು. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿದೆ. ಹೆಸರು ಬರೆದುಕೊಂಡೆ. ವಿಳಾಸದ ಜಾಗ ಖಾಲಿ ಬಿಟ್ಟೆ.

೨. ನಿಮಗೂ ಕೇಳಿಸಿತೇ

ನೋಟಿಸು ಕಳಿಸುವ ಮೊದಲು ಒಮ್ಮೆ ಸಮಾಧಾನದಿಂದ ಮಾತಾಡಿ ನೋಡೋಣ ಅಂತ ಅಣ್ಣನಿಗೆ ನಾನೇ ಫೋನು ಮಾಡಿದೆ. ವಕೀಲರು ಅಂದ ಕೂಡಲೇ ಅವನ ದನಿ ಸಣ್ಣಗಾಯಿತು.

"ಮೊದಲ ಹೇಳ್ರಿ ಮೇಡಂ, ರೆಕಾರ್ಡ ಮಾಡಾಕತ್ತೀರೇನ್ರಿ?"

"ಇಲ್ಲ."

"ಬಾಜೂಕ ಬ್ಯಾರೆ ಫೋನ್ ಐತೇನ್ರಿ?"

"ಇಲ್ಲ."

"ನಿಮ್ಮ ಫೋನ್ ತಾನ ತಾನ ಮಾಡ್ತಿರಬೇಕ ನೋಡ್ರಿ. ನನ್ನ ಹಳೀ ಫೋನ್ ಹಂಗ ಮಾಡ್ತಿತ್ತು. ಒಮ್ಮಿ ಹಿಡದ ದನಿ ಬಿಡೂದಿಲ್ರಿ ಮೇಡಂ. ಮನಷಾ ಬಿಟ್ರೂ ಅದು ಬಿಡೂದಿಲ್ಲ."

ತಪ್ಪು ಮಾಡಿದವರೇ ಇಷ್ಟು ಅಂಜುವುದು ಅಂತ ನನ್ನ ವಕೀಲಬುದ್ಧಿ ಹೇಳಿತು. ನೇರವಾಗಿ ವಿಷಯಕ್ಕೆ ಬಂದೆ. "ಮಗ್ಗದ ಕೋಣೆ ತಂಗಿಗೆ ಕೊಡುತ್ತೀರೋ ಇಲ್ಲವೋ?"

ಆಚೆ ಏನೋ ಸರಿದಾಡಿದ ಸದ್ದು. ಆಮೇಲೆ ಕೆಮ್ಮು. ನಾನು ಯಾವ ರೆಕಾರ್ಡೂ ಹಚ್ಚಿರಲಿಲ್ಲ, ಇದು ನಡೆಯುತ್ತಿರುವ ಕರೆ. ಅದೇ ಕೆಮ್ಮು, ಅದೇ ಆಳ.

"ಮನೆಯಲ್ಲಿ ಹಿರಿಯರಿಗೆ ಆರಾಮ ಇಲ್ಲ ಅನಿಸುತ್ತದೆ" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಅವನು ಪಿಸುಗುಟ್ಟಿದ. "ನಿಮಗೂ ಕೇಳಿಸ್ತೇನ್ರಿ?"

ಫೋನು ಕಟ್ಟಾಯಿತು. ನಾನು ಮೇಜಿನ ಆಚೆ ಈಚೆ ನೋಡಿದೆ. ಇಷ್ಟು ವರ್ಷ ಕಂಡಕಂಡವರಿಗೆಲ್ಲ ರೆಕಾರ್ಡ್ ಮಾಡಬೇಡಿ ಅಂತ ಉಪದೇಶ ಮಾಡಿದವಳು, ಮೊದಲ ಸಲ ಅಂದುಕೊಂಡೆ, ಛೇ, ಇದನ್ನು ಮಾಡಿಕೊಳ್ಳಬೇಕಿತ್ತು.

೩. ಇಳಕಲ್ಲಿನಲ್ಲಿ ದನಿ ತೊಳೆಸಿದ್ದು

ಇಳಕಲ್ಲಿನ ಸೀರೆ ಅಂಗಡಿಗಳ ಸಾಲಿನ ಹಿಂದೆ ಫೋನು ರಿಪೇರಿಯವನೊಬ್ಬನಿದ್ದಾನೆ. ದನಿಯಲ್ಲಿನ ಗಲೀಜು ತೆಗೆದು ಸ್ವಚ್ಛ ಮಾಡಿಕೊಡುತ್ತಾನೆ ಅಂತ ಹೆಸರು. ಮೂಲ ಫೋನು ಮುಟ್ಟಬಾರದು, ಕೋರ್ಟಿಗೆ ಅದೇ ಬೇಕು, ರೆಕಾರ್ಡು ಅಸಲಿ ಅನ್ನುವ ಪ್ರಮಾಣಪತ್ರವೂ ಬೇಕು. ರೆಕಾರ್ಡಿನ ಒಂದು ನಕಲು ಮಾಡಿಕೊಂಡು ಅವಳನ್ನು ಕರೆದುಕೊಂಡು ಹೋದೆ. ಆ ಕೆಮ್ಮು ನಿಜವಾಗಿ ಏನು ಅಂತ ನನಗೂ ತಿಳಿಯಬೇಕಿತ್ತು. ಕಕ್ಷಿದಾರಳ ಹಿತಕ್ಕೆ ಹೋದೆ ಅಂತ ಬೇಕಾದರೆ ಬರೆದುಕೊಳ್ಳಿ.

"ಇದರಲ್ಲಿ ಬೇಡದ ಸದ್ದು ತೆಗೆದು ಕೊಡಪ್ಪ" ಅಂದೆ. ಅವನು ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನಲ್ಲಿ ಅರ್ಧ ತಾಸು ಏನೇನೋ ತಿದ್ದಿದ. ಮುಖದಲ್ಲಿ ಬೆವರು. ಆಮೇಲೆ ಹೆಮ್ಮೆಯಿಂದ ಹಚ್ಚಿದ.

ಅಣ್ಣನ ಮಾತು ಪೂರ್ತಿ ಮಾಯ. ತಂಗಿಯ ಮಾತೂ ಮಾಯ. ಆ ಸಣ್ಣ ಅಂಗಡಿಯಲ್ಲಿ, ನಮ್ಮ ಮೂವರ ನಡುವೆ, ಕೆಮ್ಮೊಂದೇ ಉಳಿದಿತ್ತು. ಸತ್ತವರು ಪಕ್ಕದ ಸ್ಟೂಲಿನ ಮೇಲೆ ಕೂತು ಕೆಮ್ಮಿದಷ್ಟು ಸ್ವಚ್ಛ.

"ಅಲ್ಲಪ್ಪ, ಮಾತು ಎಲ್ಲಿ?"

"ಇಬ್ಬರು ಜಗಳಾಡಾಕತ್ತಿದ್ರಲ್ರಿ, ಆ ಗಲೀಜು ತಗದೇನ್ರಿ. ಅಜ್ಜಾರ ದನಿ ಏನ್ ಚಂದ ಬಂದೈತಿ ನೋಡ್ರಿ."

ನಾನು ಅವನ ಮೇಲೆ ರೇಗಬೇಕು ಅನ್ನುವಷ್ಟರಲ್ಲಿ ಅವಳು ಕೈ ಎತ್ತಿ ಸುಮ್ಮನಿರಿ ಅಂದಳು. ತಲೆ ವಾರೆ ಮಾಡಿ ಇನ್ನೊಮ್ಮೆ ಹಚ್ಚಿಸಿ ಕೇಳಿದಳು. ಅವಳ ಕಣ್ಣು ತುಂಬಿದ್ದವು.

"ನಮ್ಮಪ್ಪ ಜೀವಂತ ಇದ್ದಾಗ ಅಂವಗ ಮೂರ ನಮೂನಿ ಕೆಮ್ಮ ಇದ್ದೂರಿ ಅಕ್ಕಾರ. ತಂಬಾಕದ್ದೊಂದು. ಮಂದಿ ಬಂದಾರ, ತಲಿ ಮ್ಯಾಲ ಸೆರಗ ಹೊದ್ಕೋರಿ ಅಂತ ಒಂದು. ಮೂರನೇದ್ದು ಸುಳ್ಳ ಕೆಮ್ಮರಿ. ಬೇಕಂತ ಕೆಮ್ಮೂದು. ಇದು ಅದರಿ."

ಸತ್ತವರು ಕೆಮ್ಮುತ್ತಾರೆ ಅನ್ನುವುದನ್ನು ಅಷ್ಟೊತ್ತಿಗೆ ನಾನು ಹೇಗೋ ಅರಗಿಸಿಕೊಂಡಿದ್ದೆ. ಸುಳ್ಳು ಸುಳ್ಳೇ ಕೆಮ್ಮುತ್ತಾರೆ ಅಂದಾಗ ಅಂಗಡಿಯಿಂದ ಮೊದಲು ಹೊರಗೆ ಬಂದವಳು ನಾನು. ನನ್ನ ಹಿಂದೆಯೇ ಅಂಗಡಿಯವನು.

೪. ದೇವರ ಒಪ್ಪಿಗೆ

ಅವರ ಮನೆದೇವರು ಬೀರಪ್ಪ. ಊರ ಗುಡಿಯಲ್ಲಿ ಪೂಜಾರಿಯ ಮೈಮೇಲೆ ದೇವರು ಬಂದು ಹೇಳಿಕೆ ಕೊಡುವ ರೂಢಿ ಇದೆ. ಡೊಳ್ಳು ಬಾರಿಸುತ್ತಾರೆ, ಭಂಡಾರ ಹಚ್ಚುತ್ತಾರೆ, ಪೂಜಾರಿಯ ಮೈ ನಡುಗುತ್ತದೆ, ಆಮೇಲೆ ಆಡಿದ್ದು ದೇವರ ಮಾತು. ಅವಳು ಒಂದು ರವಿವಾರ ಮುಂಜಾನೆ ಹೋಗಿ, ಅಪ್ಪ ಯಾಕೆ ಕೆಮ್ಮುತ್ತಾನೆ ಅಂತ ಕೇಳಿದ್ದಾಳೆ. ಸೋಮವಾರ ನನ್ನ ಆಫೀಸಿಗೆ ಬಂದಾಗ ಮುಖ ಬಿಳಿಚಿತ್ತು.

"ಅಕ್ಕಾರ, ಒಂದ ತಪ್ಪ ಆಗೇತ್ರಿ. ಏನ ಇದ್ರೂ ಪುರಾವೆ ಇಟ್ಕೋ ಅಂತ ನೀವ ಹೇಳಿದ್ರಿ. ದೇವರ ಮಾತ ಹಿಡದೇನ್ರಿ."

"ಸರಿ, ಅದಕ್ಕೇನು?"

"ದೇವರು ಬ್ಯಾಡ ಅಂತು."

ಹಚ್ಚಿದಳು. ಡೊಳ್ಳಿನ ಸದ್ದು ಒಮ್ಮೆಲೇ ನಿಂತಿತು. ಪೂಜಾರಿಯ ದನಿ, ಆದರೆ ಪೂಜಾರಿಯದ್ದಲ್ಲ ಅನ್ನುವ ಹಾಗೆ, ಯಾವುದೋ ಬಾವಿಯಿಂದ ಬಂದ ಹಾಗೆ. "ಯಾರದು ನನ್ನ ಮಾತ ಹಿಡಿಯಾಕತ್ತಿದ್ದು? ಬಿಡು." ಇವಳು ಫೋನನ್ನು ಸೆರಗಿನೊಳಗೆ ತುರುಕಿದ ಸರಸರ ಸದ್ದು. ಆಮೇಲೆ ಬಟ್ಟೆಯ ಒಳಗಿನಿಂದ ಮಂಕಾಗಿ: "ಹೇಳೂದು ಮುಗದೈತಿ. ಕೇಳೂದು ಉಳದೈತಿ." ಅಷ್ಟೇ.

"ದೇವರು ಬ್ಯಾಡ ಅಂದ ಮ್ಯಾಲೂ ಹಿಡದ್ರ ಯಾವ ಕಲಮ ಬೀಳ್ತೈತ್ರಿ?" ಅಂತ ಅವಳು ಕೇಳಿದಳು. ತಮಾಷೆಗಲ್ಲ, ಕೈ ಮುಗಿದು.

ಮನುಷ್ಯರ ಖಾಸಗಿತನದ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ದೇವರ ಖಾಸಗಿತನದ ಬಗ್ಗೆ ಯಾವ ಪುಸ್ತಕ ತೆರೆಯಲಿ? ಗಂಟಲು ಸರಿಮಾಡಿಕೊಂಡು, ದೇವರು ಗುಡಿಯಲ್ಲಿ ನೂರು ಜನರ ಮುಂದೆ ಆಡಿದ ಮಾತು, ಖಾಸಗಿ ಅಂತ ಆಗುವುದಿಲ್ಲ ಅಂದೆ. ಅಂದ ಮೇಲೆ ನನಗೇ ಅಂಜಿಕೆಯಾಗಿ ಮೇಜಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಷ್ಟರಲ್ಲಿ ಅವಳ ಫೋನು ಬಡಿಯಿತು. ಪೂಜಾರಿಯದೇ. ಅವಳು ಫೋನನ್ನು ನನ್ನ ಕಡೆ ತಳ್ಳಿದಳು, ನಾನೇ ಸ್ಪೀಕರ್ ಹಾಕಿದೆ.

"ತಂಗೀ, ನಿನ್ನಿ ನೀ ಫೋನಿನ್ಯಾಗ ಹಿಡದಿ ಅಂತ ಮಂದಿ ಅಂದ್ರು. ಖರೆ ಏನ?" ಪಾಪ, ಅವಳು ತಪ್ಪಾಯಿತು ಅಂತ ಅಳಲು ಶುರು ಮಾಡಿದಳು. "ಅಳಬ್ಯಾಡ ಯವ್ವಾ. ಮೈಮ್ಯಾಲ ಬಂದಾಗ ನಾ ಏನ ಅಂತೇನಂತ ನನಗ ಗೊತ್ತ ಆಗೂದಿಲ್ಲ. ಇಪ್ಪತ್ತ ವರ್ಷಾತು, ನಾನೂ ಒಮ್ಮಿ ಕೇಳಬೇಕಂತೇನಿ. ಕಳಸ ಅಷ್ಟ."

ಕಳಿಸಿದಳು. ಸಂಜೆಯೊಳಗೆ ಅವರು ಅದನ್ನು ಇಡೀ ಊರಿಗೆ ಕಳಿಸಿದ್ದರು. ದೇವರ ಆಕ್ಷೇಪಣೆ ಸಮೇತ.

೫. ಬಾಗಿಲಾಚೆಯವರು

ಊರಿಗೆ ಹೋದದ್ದು ಅಣ್ಣನಿಗೂ ಹೋಯಿತು. ಮರುದಿನವೇ ತಂಗಿಗೆ ಫೋನು. "ವಕೀಲರನ್ನ ಕರಕೊಂಡ ಮನಿಗೆ ಬಾ. ಫೋನ್ ತರಬ್ಯಾಡ್ರಿ." ದನಿಯಲ್ಲಿ ಜಗಳ ಇರಲಿಲ್ಲ ಅಂದಳು ಅವಳು, ಜ್ವರ ಬಂದವರ ಹಾಗಿತ್ತಂತೆ.

ಮುಂದಿನ ರವಿವಾರ ಹೋದೆವು. ಫೋನುಗಳನ್ನು ನನ್ನ ಆಫೀಸಿನಲ್ಲೇ ಬಿಟ್ಟಿದ್ದೆವು. ನವನಗರದಲ್ಲಿ ಎಲ್ಲಾ ಮನೆಗಳೂ ಒಂದೇ ಥರ, ಎಲ್ಲಾ ರಸ್ತೆಗಳೂ ನೆಟ್ಟಗೆ. ಮಧ್ಯಾಹ್ನದ ಹನ್ನೆರಡರ ಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಣ್ಣನ ಹೆಂಡತಿ ಕಮತಗಿಯ ತವರಿಗೆ ಹೋಗಿದ್ದಳು. ಬಾಗಿಲು ಮುಚ್ಚಿತ್ತು. ಕದ ಬಡಿಯಲು ಕೈ ಎತ್ತಿದೆ.

ಒಳಗೆ ಅಪ್ಪ ಕೆಮ್ಮಿದರು.

ಅವಳು ನನ್ನ ಮುಂಗೈ ಹಿಡಿದಳು. ವಕೀಲರಾದವರು ಕಕ್ಷಿದಾರರ ಮುಂದೆ ನಿಲ್ಲಬೇಕು, ನಾನು ಹಿಂದೆ ಸರಿದೆ. ಕೆಮ್ಮು ನಿಲ್ಲಲಿಲ್ಲ. ಬಾಗಿಲು ತಾನಾಗಿ ತೆರೆದ ಹಾಗೆ ತೆರೆಯಿತು. ಅಣ್ಣ ನಿಂತಿದ್ದ, ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು. ಮನೆಯಲ್ಲಿ ಮತ್ತೆ ಯಾರೂ ಇಲ್ಲ. ಮೇಜಿನ ಮೇಲೆ ಗಾಜು ಒಡೆದ ಹಳೆಯ ಫೋನೊಂದು ರಬ್ಬರ್ ಬ್ಯಾಂಡು ಕಟ್ಟಿಸಿಕೊಂಡು, ಚಾರ್ಜಿಗೆ ಬಿದ್ದುಕೊಂಡು, ಕೆಮ್ಮುತ್ತಿತ್ತು.

"ಕುಂದರ್ರಿ" ಅಂದ. ಆಮೇಲೆ ಎಲ್ಲಾ ಹೇಳಿದ. ಅಪ್ಪ ಸಾಯುವ ಎಂಟು ದಿನ ಮೊದಲು ಅವನಿಗೆ ಫೋನು ಮಾಡಿದ್ದರು. ಮಗ್ಗದ ಕೋಣೆ ಏನು ಮಾಡಬೇಕು ಅಂತ ಹೇಳುತ್ತೇನೆ ಕೇಳು ಅಂದರಂತೆ. ಇವನು ಆಫೀಸಿನಲ್ಲಿ ಕಡತ ನೋಡುತ್ತಿದ್ದ. ಹೇಳಪ್ಪ, ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳುತ್ತೇನೆ ಅಂದ. ಅಪ್ಪ ಬೇಡ ಅಂದರು.

"ನೀವ ಕೇಳ್ರಿ" ಅಂತ ಫೋನನ್ನು ಮೊದಲಿನಿಂದ ಹಚ್ಚಿದ.

"ನನ್ನ ದನಿ ಹಿಡಿದಿಡಬ್ಯಾಡೋ. ಈಗ ಕೇಳು." ಅದು ಅಪ್ಪ. ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಆಗಲಿಪಾ. ಬಂದ್ ಮಾಡೇನಿ." ಇದು ಮಗ.

"ಹಿಡಿಯಾಕತ್ತೀಯಲ್ಲ?"

"ಇಲ್ಲಪಾ."

"ಹಂಗಾರ ಕೇಳು" ಅಂದರು ಅಪ್ಪ. ಆಮೇಲೆ ನಾಲ್ಕು ನಿಮಿಷ ಬರೀ ಕೆಮ್ಮು. ನಡುನಡುವೆ ಏನೋ ಗೊಣಗಿದ ಸದ್ದು, ಅದರ ಮೇಲೆ ಮತ್ತೆ ಕೆಮ್ಮು, ಇತ್ತ ಮಗ ಕಾಗದ ಮಗುಚುವ ಸಪ್ಪಳ. ಕಡೆಗೆ ಒಮ್ಮೆಲೇ ಗಂಟಲು ತಿಳಿಯಾಗಿ, "ತಿಳೀತೋ ಇಲ್ಲೋ?" ಅಂದರು. ಮಗ, "ತಿಳೀತಪಾ" ಅಂದ.

"ತಿಳೀಲಿಲ್ರಿ" ಅಂದ ಅಣ್ಣ, ನಮ್ಮ ಮುಂದೆ. "ಒಂದೂ ಕೇಳಲಿಲ್ಲ ನಾ. ರೆಕಾರ್ಡ ಆಗಾಕತ್ತೈತಿ ಅಂತ ಲಕ್ಷ್ಯ ಕೊಡಲಿಲ್ಲ. ಅಪ್ಪ ಹ್ವಾದ ಮ್ಯಾಲ ಹಚ್ಚಿ ನೋಡಿದ್ರ ಬರೇ ಕೆಮ್ಮು. ಯಾರರೆ ಫೋನಿನ್ಯಾಗ ಕೋಣಿ ಅಂದಾಗೆಲ್ಲ ಇದನ್ನ ಹಚ್ಚಿ ಇನ್ನೊಂದ ಕಿವಿಗೆ ಹಿಡಕೋತೇನಿ. ಒಮ್ಮೊಮ್ಮಿ ಕೊಡು ಅಂದಂಗ ಕೇಳಿಸ್ತೈತಿ, ಒಮ್ಮೊಮ್ಮಿ ಬ್ಯಾಡ ಅಂದಂಗ. ಅಳಿಸಾಕ ಕೈ ಬರೂದಿಲ್ಲ. ಆ ಮನೀನ ಕೆಡವಿದ್ರ ಕೆಮ್ಮ ನಿಂದರತೈತೇನೋ ಅಂತ ಕೆಡವಾಕ ನಿಂತೇನ್ರಿ."

ಮೂರು ವರ್ಷ ಮನುಷ್ಯ ಸತ್ತ ಅಪ್ಪನ ಗಂಟಲನ್ನು ಕಿವಿಗೊತ್ತಿಕೊಂಡು ಬದುಕಿದ್ದ. ನಾನು ಅವನ ವಿರುದ್ಧ ಬರೆದಿಟ್ಟ ನೋಟಿಸು ನೆನಪಾಗಿ ನಾಚಿಕೆಯಾಯಿತು.

ಅವನು ತಂಗಿಯ ಕಡೆ ತಿರುಗಿದ. "ಅವತ್ತ ನೀ ಬಾಜೂಕ ಇದ್ದೆಲ್ಲ? ಅಪ್ಪ ಏನಂದ?"

ಈಗ ಅವಳು "ನನಗ ಕೊಡ ಅಂದ" ಅಂದರೆ ಮುಗಿಯಿತು. ಇಲ್ಲ ಅನ್ನಲು ಭೂಮಿಯ ಮೇಲೆ ಯಾರೂ ಇಲ್ಲ. ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಯಾಕೆ ಒತ್ತಿದೆ ಅಂತ ಬರೆಯುವುದಿಲ್ಲ, ನನಗೆ ವಕೀಲಿಕೆಯ ಸನದು ಇನ್ನೂ ಬೇಕು.

ಅವಳು ಕಾಲು ಎಳೆದುಕೊಂಡಳು. "ನೀ ಹಿಡಿಯಾಕತ್ತೀ ಅಂತ ಅಪ್ಪಗ ಗೊತ್ತಿತ್ತಣ್ಣಾ. ಬಾಯಿಗೆ ಕಂಬಳಿ ಮುಚ್ಚಕೊಂಡು ಮಾತಾಡ್ತಿದ್ದ. ಕಂಬಳಿ ತಗದು ಕೆಮ್ಮತಿದ್ದ. ನನಗ ಕಣ್ಣ ಹೊಡದು ನಗತಿದ್ದ."

"ಖರೆ. ಆದ್ರ ಏನಂದ?"

ಅವಳು ನೆಲ ನೋಡಿದಳು. "ಮಗ್ಗ ತಗಸು, ಕುಣಿ ಮುಚ್ಚಸು, ಆ ಕೋಣಿ ಟಗರಿಗೆ ಬಿಡು ಅಂದ. ಮಳ್ಯಾಗ ಟಗರು ತೊಯ್ತೈತಿ ಅಂದ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಪ್ಪ ಒಂದು ಟಗರು ಸಾಕಿದ್ದರು. ಮಕ್ಕಳಿಬ್ಬರಿಗಿಂತ ಅದರ ಮೇಲೆಯೇ ಅವರ ಜೀವ. "ಹೇಳಿದ್ರ ಮಗ್ಗ ಹೋಗ್ತೈತಿ ಅಂತ ಅಂಜಿ ಬಾಯಿ ಬಿಡಲಿಲ್ಲಣ್ಣಾ. ನೀನೂ ಕೇಳಲಿಲ್ಲ."

ಅಣ್ಣ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡ. "ಅಲ್ಲವಾ, 'ನನಗ ಕೊಡ ಅಂದ' ಅಂತ ನೀ ಅಂದಿದ್ರ ಆಗ್ತಿತ್ತಲ್ಲ. ನಾ ನಂಬತಿದ್ದೆ."

"ಸುಳ್ಳ ಹೇಳಿದ್ರ ಮತ್ತ ಕೆಮ್ಮತಾನ" ಅಂದಳು.

ಅವನ ಭುಜ ಅಲುಗತೊಡಗಿದವು. ಅಳುತ್ತಿದ್ದಾನೆ ಅಂದುಕೊಂಡೆ, ನಗುತ್ತಿದ್ದ. ಆಮೇಲೆ ಅತ್ತ. ಕಣ್ಣೊರೆಸಿಕೊಂಡು, "ಟಗರು ಈಗ ಎಲ್ಲೈತಿ?" ಅಂದ.

"ಹ್ವಾದ ವರ್ಷ ಸತ್ತೈತಿ. ಮುದಿಯಾಗಿತ್ತು. ನನ್ನ ತೊಡಿ ಮ್ಯಾಲ ತಲಿ ಇಟ್ಟ ಸತ್ತೈತಿ."

ಅವನು ನನ್ನ ಕಡೆ ತಿರುಗಿದ, ಗುಮಾಸ್ತನ ಗಂಭೀರ ಮುಖ ಮಾಡಿ. "ಮೇಡಂ, ಟಗರಿನ ವಾರಸದಾರರು ಯಾರಾಗ್ತಾರ್ರಿ?"

"ಕಾನೂನಿನಲ್ಲಿ ಟಗರಿಗೆ ಆಸ್ತಿಯೇ ಬರುವುದಿಲ್ಲ" ಅಂದೆ.

"ಬಂದಿತ್ತಂತ ತಿಳಕೊಳ್ರಿ."

"ಹಾಗಾದರೆ ಮೇಯಿಸಿದವರಿಗೆ."

ಹದಿನೈದು ದಿನದಲ್ಲಿ ಅಣ್ಣ ಮಗ್ಗದ ಕೋಣೆಯಲ್ಲಿನ ತನ್ನ ಹಕ್ಕು ಬಿಟ್ಟು ತಂಗಿಗೆ ಪತ್ರ ಬರೆದುಕೊಟ್ಟ. ಉಳಿದ ಮನೆ ಕೆಡವುವ ಮಾತೂ ಬಿಟ್ಟ. ಪತ್ರ ನಾನೇ ಬರೆಸಿದೆ. ಯಾವ ಕಾರಣಕ್ಕೆ ಹಕ್ಕು ಬಿಡುತ್ತೀರಿ ಅಂತ ಕೇಳಿದ್ದಕ್ಕೆ ಅಣ್ಣ, "ಬರಕೋರಿ, ಅಪ್ಪ ಟಗರಿಗೆ ಕೊಟ್ಟದ್ದು, ಟಗರು ತಂಗಿಗೆ ಬಿಟ್ಟ ಹೋಗೇತಿ" ಅಂದ. ನೋಂದಣಿ ಕಚೇರಿಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ ಅಂತ ಆ ಸಾಲು ಹೊಡೆದುಹಾಕಿದೆ. ಆಗಲೇ ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಮೂರು ವರ್ಷದಲ್ಲಿ ಅವರು ಒಂದೇ ಮಾತಿಗೆ ಬಂದದ್ದು ಅದೇ ಮೊದಲು, ಅದೂ ವಕೀಲರ ಮೇಲೆ ಆಕ್ಷೇಪಣೆ ಎತ್ತಲಿಕ್ಕೆ.